ಮಿನಿ ಟ್ರ್ಯಾಕ್ಟರಿಗೆ ಮುಂದಿನ ಲೋಡರ್: ಯಾರಿಗೆ ಯಾವುದು ಸರಿ?

ಬೆಂಗಳೂರಿನ ಸುತ್ತಮುತ್ತ ಮಿನಿ ಟ್ರ್ಯಾಕ್ಟರ್ ಇಟ್ಟುಕೊಂಡವರು ಈಗ ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ ಇದು: ಮುಂದೆ ಒಂದು ಲೋಡರ್ ಹಾಕಿಸೋಣವಾ? ಲೋಡರ್ ಅಂದರೆ ಎಣ್ಣೆ ಒತ್ತಡದಿಂದ ಏರಿ ಇಳಿಯುವ ಎರಡು ತೋಳು, ಅದರ ತುದಿಗೊಂದು ಬಕೆಟ್. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ದ್ರಾಕ್ಷಿ ತೋಟದವರು ಕೇಳುತ್ತಾರೆ. ಹೊಸಕೋಟೆ ಕಡೆಯ ನರ್ಸರಿಯವರು ಕೇಳುತ್ತಾರೆ. ಕನಕಪುರ ರಸ್ತೆ, ಮಾಗಡಿ ರಸ್ತೆಯಲ್ಲಿ ಎರಡು ಎಕರೆ ತೆಗೆದುಕೊಂಡು ಶನಿವಾರ ಭಾನುವಾರ ಹೋಗಿ ಬರುವವರೂ ಕೇಳುತ್ತಾರೆ. ಕಾರಣ ಎಲ್ಲರಿಗೂ ಒಂದೇ. ಗೊಬ್ಬರ ತುಂಬಲು ಆಳು ಸಿಗುವುದಿಲ್ಲ. ಸಿಕ್ಕರೂ ದಿನವಿಡೀ ಮಂಕರಿ ಹೊರಲು ಯಾರೂ ಒಪ್ಪುವುದಿಲ್ಲ. ಒಪ್ಪಬೇಕು ಅಂತ ಕೇಳುವುದೂ ಸರಿಯಲ್ಲ ಅಂತ ನನಗನಿಸುತ್ತದೆ. ಸೊಂಟ ಮುರಿಯುವ ಕೆಲಸ ಅದು.

ಅಂಗಡಿಗೆ ಹೋದರೆ ಮೊದಲು ಹೇಳುವ ಮಾತು, ‘ಇದು ಇಷ್ಟು ಕೆಜಿ ಎತ್ತುತ್ತೆ ಸಾರ್.’ ಎರಡು ಲೋಡರ್ ಪಕ್ಕ ಪಕ್ಕ ಇಟ್ಟು ಆ ಒಂದು ಅಂಕಿ ನೋಡಿ ಆರಿಸುವವರೇ ಜಾಸ್ತಿ. ನಾನು ಆ ಅಂಕಿಯನ್ನು ಕೊನೆಗೆ ನೋಡಿ ಅನ್ನುತ್ತೇನೆ. ಎಣ್ಣೆ ಒತ್ತಡ ಇದ್ದರೆ ಯಾವ ಲೋಡರ್ ಬೇಕಾದರೂ ಭಾರ ಎತ್ತುತ್ತದೆ. ಆ ಭಾರವನ್ನು ನಿಮ್ಮ ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ (ಗಾಲಿಗಳ ಅಚ್ಚು) ಹೊರುತ್ತದಾ, ಹಿಂದಿನ ಗಾಲಿ ನೆಲ ಬಿಡದೆ ನಿಲ್ಲುತ್ತದಾ ಅನ್ನುವುದೇ ನಿಜವಾದ ಆಯ್ಕೆ.

ಲೋಡರೇ ಬೇಕಾ?

ಮಿನಿ ಟ್ರ್ಯಾಕ್ಟರಿನ ಲೋಡರ್ ಅಗೆಯುವ ಯಂತ್ರ ಅಲ್ಲ. ಸಡಿಲವಾಗಿ ಬಿದ್ದಿರುವುದನ್ನು ಎತ್ತಿ ಇನ್ನೊಂದು ಕಡೆ ಹಾಕುವ ಯಂತ್ರ. ತಿಪ್ಪೆ ಗೊಬ್ಬರ, ಎಂ ಸ್ಯಾಂಡ್, ಜಲ್ಲಿ, ರಸಮೇವು, ರೇಷ್ಮೆ ಮನೆಯ ಕಡ್ಡಿ ಕಸ, ಕುಂಡಕ್ಕೆ ತುಂಬುವ ಮಣ್ಣು ಮಿಶ್ರಣ, ಇಂಥದ್ದಕ್ಕೆ ಇದು ಸೊಗಸು. ಆದರೆ ಏಪ್ರಿಲ್ ಬಿಸಿಲಿಗೆ ಕಲ್ಲಾಗಿರುವ ನಮ್ಮ ಕೆಂಪು ನೆಲಕ್ಕೆ ಬಕೆಟ್ ನೂಕಿದರೆ ಟ್ರ್ಯಾಕ್ಟರ್ ನಿಂತಲ್ಲೇ ಗಾಲಿ ತಿರುಗಿಸುತ್ತದೆ, ಅಷ್ಟೇ. ಕೃಷಿಹೊಂಡ ತೆಗೆಯುವುದು, ಬೇರು ಕೀಳುವುದು, ಬೇಸಿಗೆಯಲ್ಲಿ ಕೆರೆ ಗೋಡು ಎತ್ತುವುದು, ಇವೆಲ್ಲ ಏಳು ಟನ್ನಿಗೂ ಜಾಸ್ತಿ ತೂಗುವ ಜೆಸಿಬಿಯ ಕೆಲಸ. ಅದನ್ನು ಗಂಟೆ ಲೆಕ್ಕದಲ್ಲಿ ಕರೆಸಿಕೊಳ್ಳುವುದೇ ಸರಿ.

ಇಲ್ಲಿ ವರ್ಷಕ್ಕೆ ಎಷ್ಟು ಗಂಟೆ ಕೆಲಸ ಇದೆ ಅನ್ನುವುದಕ್ಕಿಂತ ಆ ಗಂಟೆಗಳು ಹೇಗೆ ಹಂಚಿಕೊಂಡಿವೆ ಅನ್ನುವುದು ಮುಖ್ಯ. ನಲವತ್ತು ಗಂಟೆ ಕೆಲಸ ಒಂದೇ ವಾರದಲ್ಲಿ ಇದ್ದರೆ ಬಾಡಿಗೆ ಯಂತ್ರ ಕರೆಸಿ ಮುಗಿಸಿಬಿಡಿ. ಅದೇ ನಲವತ್ತು ಗಂಟೆ ದಿನಕ್ಕೆ ಕಾಲು ಗಂಟೆಯ ಹಾಗೆ ಹರಡಿಕೊಂಡಿದ್ದರೆ ಬಾಡಿಗೆಯವರು ಬರುವುದೇ ಇಲ್ಲ. ಹತ್ತು ಹದಿನೈದು ಹಸು ಇರುವ ಕೊಟ್ಟಿಗೆಯಲ್ಲಿ ಬೆಳಗ್ಗೆ ಸಗಣಿ ತಳ್ಳಿ, ಮಧ್ಯಾಹ್ನ ರಸಮೇವು ತಂದು ಹಾಕುವುದಕ್ಕೆ ಯಾರನ್ನು ಕರೆಯುತ್ತೀರಿ? ಅಂಥವರಿಗೆ ಸ್ವಂತ ಲೋಡರ್ ಬೇಕೇ ಬೇಕು. ಬರೀ ನೆಲ ಸಮ ಮಾಡುವುದು, ಮಣ್ಣು ನೂಕುವುದು ಇಷ್ಟೇ ಆದರೆ ಮುಂದಿನ ಡೋಜರ್ ಪಟ್ಟಿ ಅಥವಾ ಹಿಂದಿನ ಲೆವೆಲರ್ ಸಾಕು. ಅದಕ್ಕೆ ಬೆಲೆಯೂ ಕಡಿಮೆ, ಟ್ರ್ಯಾಕ್ಟರಿಗೆ ಭಾರವೂ ಕಡಿಮೆ.

ಇನ್ನೊಂದು ಇದೆ. ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ. ಹಿಂದಿನ ಮೂರು ಕೊಂಡಿಗೆ ಸಿಕ್ಕಿಸುವ ಸಾಗಣೆ ಪೆಟ್ಟಿಗೆ. ಹಿಂದಕ್ಕೆ ಹೋಗಿ ತುಂಬಿಕೊಂಡು, ಲಿಫ್ಟ್ ಎತ್ತಿ, ಹೋಗಿ ಸುರಿಯುವಂಥದ್ದು. 24 ಎಚ್‌ಪಿಯ ಸಣ್ಣ ಟ್ರ್ಯಾಕ್ಟರಿನ ಹಿಂದಿನ ಲಿಫ್ಟ್ ಸಾಮಾನ್ಯವಾಗಿ 750 ಕೆಜಿ ಎತ್ತುತ್ತದೆ. ಮುಂದಿನ ಲೋಡರ್ ಅದರ ಅರ್ಧ ಎತ್ತಿದರೆ ಹೆಚ್ಚು. ಟ್ರಾಲಿಗೆ ತುಂಬುವ ಎತ್ತರ ಬೇಡ, ಬರೀ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದರೆ ಸಾಕು ಅನ್ನುವವರಿಗೆ ಈ ಪೆಟ್ಟಿಗೆಯೇ ಒಳ್ಳೆಯದು. ಕತ್ತು ನೋಯುತ್ತದೆ ನಿಜ. ಹಿಂದೆ ತಿರುಗಿ ನೋಡುತ್ತಲೇ ಓಡಿಸಬೇಕು.

ಒಮ್ಮೆ ಬಳಸಿ ನೋಡಿ ತೀರ್ಮಾನ ಮಾಡೋಣ ಅನ್ನುವವರು ಹೋಬಳಿಯ ರೈತ ಸಂಪರ್ಕ ಕೇಂದ್ರ, ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳಲ್ಲಿ ವಿಚಾರಿಸಿ. ನವೆಂಬರಿನಲ್ಲಿ ಜಿಕೆವಿಕೆಯ ಕೃಷಿ ಮೇಳಕ್ಕಂತೂ ತಪ್ಪದೆ ಹೋಗಿ. ಬೇರೆ ಬೇರೆ ಕಂಪನಿಯ ಯಂತ್ರಗಳನ್ನು ಒಂದೇ ದಿನ ಮುಟ್ಟಿ, ಕೂತು ನೋಡುವ ಅವಕಾಶ ಅಲ್ಲಿ ಬಿಟ್ಟರೆ ಇನ್ನೆಲ್ಲೂ ಸಿಗುವುದು ಕಷ್ಟ.

ನಮ್ಮ ಟ್ರ್ಯಾಕ್ಟರ್‌ಗಳು ಕಿರಿದಾಗಿರುವುದು ಯಾಕೆ

ನಮ್ಮ ಕಡೆ ಮಾರಾಟವಾಗುವ ಮಿನಿ ಟ್ರ್ಯಾಕ್ಟರ್‌ಗಳನ್ನು ನೋಡಿ. ಮಹೀಂದ್ರ ಜಿವೊ, ಕುಬೋಟಾ ನಿಯೋಸ್ಟಾರ್, ಜಾನ್ ಡಿಯರ್ 3028ಇಎನ್, 1967ರಿಂದ ನಡೆಯುತ್ತಿರುವ ನಮ್ಮ ಬೆಂಗಳೂರಿನದೇ ವಿಎಸ್‌ಟಿಯ ಟ್ರ್ಯಾಕ್ಟರ್‌ಗಳು. ಇವುಗಳಲ್ಲಿ ಹೆಚ್ಚಿನವು ದ್ರಾಕ್ಷಿ, ದಾಳಿಂಬೆ, ಹಿಪ್ಪುನೇರಳೆ ಸಾಲುಗಳ ನಡುವೆ ನುಗ್ಗಲಿ ಅಂತಲೇ ಮಾಡಿದವು. ಹಾಗಾಗಿ ಗಾಲಿಯಿಂದ ಗಾಲಿಗೆ ಅಗಲ ಕಡಿಮೆ. ತೋಟದೊಳಗೆ ಅದು ವರ. ಲೋಡರ್ ಹಾಕಿದ ಮೇಲೆ ಅದೇ ತೊಂದರೆ. ಬಕೆಟ್ ಮೇಲಕ್ಕೆ ಹೋದಂತೆಲ್ಲ ಭಾರದ ಕೇಂದ್ರವೂ ಮೇಲಕ್ಕೆ ಹೋಗುತ್ತದೆ. ಒಂದು ಗಾಲಿ ಗುಂಡಿಗೆ ಇಳಿದರೆ ಪಲ್ಟಿ ಹೊಡೆಯಲು ಜಾಸ್ತಿ ಹೊತ್ತು ಬೇಡ.

ಅಮೆರಿಕದ ವಿಡಿಯೊಗಳಲ್ಲಿ ಇಷ್ಟೇ ಎಚ್‌ಪಿಯ ಟ್ರ್ಯಾಕ್ಟರ್ ಆರಾಮಾಗಿ ಲೋಡರ್ ಕೆಲಸ ಮಾಡುವುದನ್ನು ನೋಡಿ ಅದೇ ಅಳತೆ ಇಲ್ಲಿಗೂ ಹಾಕುವವರಿದ್ದಾರೆ. ಅಲ್ಲಿನ ಯಂತ್ರಗಳು ಮೊದಲಿನಿಂದಲೂ ಲೋಡರ್ ಹಾಕುವ ಲೆಕ್ಕದಲ್ಲೇ ಮಾಡಿದವು. ಅಗಲವಾದ ಟೈರು, ಗಟ್ಟಿ ಮುಂದಿನ ಆಕ್ಸಲ್, ಗೇರ್ ಹಾಕದೆ ಕಾಲಲ್ಲೇ ಹಿಂದೆ ಮುಂದೆ ಓಡಿಸುವ ಹೈಡ್ರೋಸ್ಟ್ಯಾಟಿಕ್ ವ್ಯವಸ್ಥೆ. ಎಚ್‌ಪಿ ಒಂದೇ ಇದ್ದ ಮಾತ್ರಕ್ಕೆ ಯಂತ್ರ ಒಂದೇ ಆಗುವುದಿಲ್ಲ ಅಲ್ವಾ?

ಲೋಡರ್ ಕೆಲಸ ಅಂದರೆ ಮುಂದೆ ಹೋಗು, ತುಂಬು, ಹಿಂದೆ ಬಾ, ತಿರುಗು, ಮುಂದೆ ಹೋಗು, ಸುರಿ. ಇದನ್ನೇ ನೂರು ಸಲ. ಹಾಗಾಗಿ ಹಿಂದಕ್ಕೆ ಹೋಗುವ ಗೇರ್ ಹೇಗಿದೆ ಅಂತ ನೋಡಿ. ನಿಯೋಸ್ಟಾರಿನಲ್ಲಿ ಮುಂದಕ್ಕೆ 9, ಹಿಂದಕ್ಕೆ 3 ಗೇರ್. 2023ರ ಆಗಸ್ಟಿನಲ್ಲಿ ಬಂದ ಮಹೀಂದ್ರದ ಓಜಾ ಸರಣಿಯಲ್ಲಿ ಮುಂದಕ್ಕೆ 12, ಹಿಂದಕ್ಕೂ 12. ಒಂದೇ ಲಿವರಿನಲ್ಲಿ ದಿಕ್ಕು ಬದಲಾಯಿಸಬಹುದು. ಹೊಸ ಟ್ರ್ಯಾಕ್ಟರ್ ಮತ್ತು ಲೋಡರ್ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವವರು ಇದಕ್ಕೆ ಹೆಚ್ಚು ಬೆಲೆ ಕೊಟ್ಟರೂ ನಷ್ಟ ಇಲ್ಲ. ಕ್ಲಚ್ ತುಳಿದು ತುಳಿದು ಎಡಗಾಲು ಸೋಲುವುದು ಮೊದಲನೇ ದಿನವೇ ಗೊತ್ತಾಗುತ್ತದೆ.

ಎರಡೇ ಗಾಲಿ ಎಳೆಯುವ ಟ್ರ್ಯಾಕ್ಟರಿಗೆ ಲೋಡರ್ ಬೇಡ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಅದರ ಮುಂದಿನ ಆಕ್ಸಲ್ ಬರೀ ದಿಕ್ಕು ತಿರುಗಿಸಲು ಇರುವಂಥದ್ದು, ಸಣಕಲು. ಬಕೆಟ್ ತುಂಬಿದಾಗ ಭಾರವೆಲ್ಲ ಮುಂದಕ್ಕೆ ಬಂದು ಹಿಂದೆ ಎಳೆಯುವ ಗಾಲಿ ಹಗುರಾಗುತ್ತದೆ. ಇನ್ನೂ ಒಂದು ವಿಷಯ ಇದೆ. ಟ್ರ್ಯಾಕ್ಟರಿನ ಬ್ರೇಕ್ ಇರುವುದು ಹಿಂದಿನ ಗಾಲಿಗಳಿಗೆ ಮಾತ್ರ. ಹಿಂದಿನ ಗಾಲಿ ನೆಲ ಒತ್ತದಿದ್ದರೆ ಬ್ರೇಕ್ ತುಳಿದರೂ ಇಳಿಜಾರಿನಲ್ಲಿ ಗಾಡಿ ನಿಲ್ಲುವುದಿಲ್ಲ. ನಾಲ್ಕೂ ಗಾಲಿ ಎಳೆಯುವ ಟ್ರ್ಯಾಕ್ಟರಿನಲ್ಲಿ ಮುಂದಿನ ಡ್ರೈವ್ ಹಾಕಿಕೊಂಡಿದ್ದರೆ ಆ ಬ್ರೇಕಿನ ಹಿಡಿತ ಶಾಫ್ಟಿನ ಮೂಲಕ ಮುಂದಿನ ಗಾಲಿಗೂ ಸಿಗುತ್ತದೆ. ಭಾರ ಹೊತ್ತು ಇಳಿಯುವಾಗ ಆ ಲಿವರ್ ಹಾಕಿಯೇ ಇರಬೇಕು.

ಒಂದು ಲೆಕ್ಕ

ಇದೊಂದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಉಳಿದ ಆಯ್ಕೆಗಳೆಲ್ಲ ಇದರ ಮೇಲೇ ನಿಂತಿವೆ.

ಟ್ರ್ಯಾಕ್ಟರ್ 1000 ಕೆಜಿ ಅಂದುಕೊಳ್ಳಿ. ಅದರಲ್ಲಿ 400 ಮುಂದಿನ ಆಕ್ಸಲ್ ಮೇಲೆ, 600 ಹಿಂದಿನದರ ಮೇಲೆ. ಎರಡು ಆಕ್ಸಲ್ ನಡುವೆ ಒಂದೂವರೆ ಮೀಟರ್. ಇದಕ್ಕೆ 250 ಕೆಜಿಯ ಲೋಡರ್ ಕೂರಿಸಿದೆವು. ಅದರ ಭಾರ ಮುಂದಿನ ಆಕ್ಸಲಿಗಿಂತ 60 ಸೆಂಟಿಮೀಟರ್ ಮುಂದೆ ಬೀಳುತ್ತದೆ. ಬಕೆಟ್ಟಿನಲ್ಲಿ 300 ಕೆಜಿ ಒದ್ದೆ ಮಣ್ಣು, ಅದು ಆಕ್ಸಲಿನಿಂದ 1.3 ಮೀಟರ್ ಮುಂದೆ. ಇಡೀ ಟ್ರ್ಯಾಕ್ಟರ್ ಈಗ ಒಂದು ಏತದ ಹಾಗೆ, ಮುಂದಿನ ಆಕ್ಸಲ್ಲೇ ಅದರ ಕಂಬ.

ಲೆಕ್ಕ ಹಾಕಿದರೆ ಹಿಂದಿನ ಗಾಲಿಗಳ ಮೇಲೆ ಉಳಿಯುವುದು 240 ಕೆಜಿ ಮಾತ್ರ. ಮುಂದಿನ ಆಕ್ಸಲ್ ಮೇಲೆ 1310 ಕೆಜಿ ಬಿದ್ದಿರುತ್ತದೆ. ಲೋಡರ್ ಇಲ್ಲದಾಗ 400 ಹೊರುತ್ತಿದ್ದ ಆಕ್ಸಲ್ ಇದು. ಬಕೆಟ್ಟಿನಲ್ಲಿ 300ರ ಬದಲು 500 ಕೆಜಿ ಹಾಕಿದರೆ ಹಿಂದೆ ಉಳಿಯುವುದು ಬರೀ 65 ಕೆಜಿಯಷ್ಟು. ಒಂದು ಸಣ್ಣ ಬದು ಹತ್ತಿದರೂ ಹಿಂದಿನ ಗಾಲಿ ಗಾಳಿಯಲ್ಲಿ.

ಈಗ ಹಿಂದಿನ ಮೂರು ಕೊಂಡಿಗೆ 300 ಕೆಜಿಯ ತೂಕ ಹಾಕಿ. ಹಿಂದಿನ ಆಕ್ಸಲಿಗಿಂತ 90 ಸೆಂಟಿಮೀಟರ್ ಹಿಂದೆ. ಬಕೆಟ್ಟಿನಲ್ಲಿ ಮೊದಲಿನ 300 ಕೆಜಿಯೇ ಇರಲಿ. ಹಿಂದೆ 720 ಕೆಜಿ ಆಗುತ್ತದೆ. ಮುಂದೆ 1310 ಇದ್ದದ್ದು 1130ಕ್ಕೆ ಇಳಿಯುತ್ತದೆ. ಒಟ್ಟು ತೂಕ ಹೆಚ್ಚಿದರೂ ಮುಂದಿನ ಆಕ್ಸಲ್ ಹಗುರಾಯಿತು.

ಟೈರಿಗೆ ನೀರು ತುಂಬಿಸಿದರೆ ಸಾಕಲ್ವಾ ಅಂತ ಕೇಳುತ್ತಾರೆ. ಸಾಕಾಗುವುದಿಲ್ಲ. ನೀರಿನ ಭಾರ ಹಿಂದಿನ ಆಕ್ಸಲ್ ಮೇಲೇ ಕೂರುತ್ತದೆ. ಹಿಂದಿನ ಗಾಲಿಗೆ ಹಿಡಿತ ಕೊಡುತ್ತದೆ, ಆದರೆ ಮುಂದಿನ ಆಕ್ಸಲಿನಿಂದ ಒಂದು ಕೆಜಿಯನ್ನೂ ಇಳಿಸುವುದಿಲ್ಲ. ಆಕ್ಸಲಿಗಿಂತ ಹಿಂದಕ್ಕೆ ತೂಗುವ ಭಾರ ಮಾತ್ರ ಆ ಕೆಲಸ ಮಾಡುತ್ತದೆ. ಕಾಂಕ್ರೀಟ್ ತುಂಬಿದ ಡ್ರಮ್ಮು, ಕಬ್ಬಿಣದ ಪೆಟ್ಟಿಗೆಗೆ ಜಲ್ಲಿ ತುಂಬಿದ್ದು, ಕೊನೆಗೆ ನಿಮ್ಮ ರೋಟವೇಟರ್ ಆದರೂ ಸರಿ. ಲೋಡರಿನ ಬೆಲೆ ಕೇಳುವಾಗಲೇ ಈ ಹಿಂದಿನ ತೂಕದ ಖರ್ಚನ್ನೂ ಸೇರಿಸಿ ಕೇಳಿ. ಅದು ಲೋಡರಿನದೇ ಒಂದು ಭಾಗ ಅಂತ ತಿಳಿದುಕೊಳ್ಳಿ.

ಇಷ್ಟಾದ ಮೇಲೆ ಡೀಲರ್ ಹತ್ತಿರ ಕೇಳಬೇಕಾದ ಅಂಕಿ ಒಂದು ಇದೆ. ಮುಂದಿನ ಆಕ್ಸಲ್ ಗರಿಷ್ಠ ಎಷ್ಟು ಹೊರಬಹುದು ಅಂತ ಟ್ರ್ಯಾಕ್ಟರ್ ಕಂಪನಿ ಕೊಟ್ಟಿರುವ ತೂಕ. ಜೊತೆಗೆ ಮುಂದಿನ ಟೈರು ಎಷ್ಟು ಗಾಳಿಗೆ ಎಷ್ಟು ಭಾರ ತಾಳುತ್ತದೆ ಅನ್ನುವುದೂ ಬೇಕು. ನಿಮ್ಮ ಟ್ರ್ಯಾಕ್ಟರಿನ ಅಳತೆ ಹಾಕಿ ಮೇಲಿನ ಲೆಕ್ಕ ಮಾಡಿ, ಎರಡನ್ನೂ ಹೋಲಿಸಿ. ಮುಕ್ಕಾಲು ಪಾಲು ಆಯ್ಕೆ ಅಲ್ಲೇ ಮುಗಿಯುತ್ತದೆ.

ಅಂಗಡಿಯವರು ಹೇಳುವ ಎತ್ತುವ ತೂಕದ ಬಗ್ಗೆಯೂ ಒಂದು ಮಾತು. ಅದನ್ನು ಎಲ್ಲಿ ಅಳೆದರು ಅಂತ ಕೇಳಿ. ಬಕೆಟ್ ಸಿಕ್ಕಿಸುವ ಪಿನ್ನಿನ ಹತ್ತಿರ ಅಳೆದರೆ ಅಂಕಿ ದೊಡ್ಡದು. ಬಕೆಟ್ಟಿನೊಳಗೆ ಭಾರ ಇರುವುದು ಪಿನ್ನಿಗಿಂತ ಮುಂದೆ, ಅಲ್ಲಿ ಅಳೆದರೆ ಕಡಿಮೆ. ನೆಲದ ಹತ್ತಿರ ಎತ್ತುವುದೇ ಬೇರೆ, ಪೂರ್ತಿ ಮೇಲೆ ಎತ್ತುವುದೇ ಬೇರೆ. ಎರಡು ಲೋಡರ್ ಹೋಲಿಸುವಾಗ ಎರಡನ್ನೂ ಒಂದೇ ಜಾಗದಲ್ಲಿ, ಒಂದೇ ಎತ್ತರದಲ್ಲಿ ಹೋಲಿಸದಿದ್ದರೆ ಸುಮ್ನೆ ಸಮಯ ಹಾಳು.

ಮೂರು ಬಗೆಯ ಲೋಡರ್

ಇಲ್ಲಿ ಸಿಗುವುದನ್ನು ಮೂರು ಬಗೆ ಮಾಡಬಹುದು. ಟ್ರ್ಯಾಕ್ಟರ್ ಕಂಪನಿಯೇ ಒಪ್ಪಿ ಕೊಡುವ ಲೋಡರ್. ಲೋಡರನ್ನೇ ಮಾಡುವ ಬೇರೆ ಕಂಪನಿಗಳದು, ಉದಾಹರಣೆಗೆ ಕೊಯಮತ್ತೂರಿನ ಬುಲ್ ಥರದವರು. ಮೂರನೆಯದು ಪೀಣ್ಯದಲ್ಲೋ ನಿಮ್ಮ ಊರಿನ ವರ್ಕ್‌ಶಾಪಿನಲ್ಲೋ ಅಳತೆ ಕೊಟ್ಟು ಮಾಡಿಸುವುದು.

ಕಂಪನಿ ಒಪ್ಪಿದ ಲೋಡರಿನ ದೊಡ್ಡ ಅನುಕೂಲ ವಾರಂಟಿ. ಆಕ್ಸಲ್ ಸೀಲ್ ಹೋದರೂ ಕ್ಲಚ್ ಹೌಸಿಂಗ್ ಬಿರುಕು ಬಿಟ್ಟರೂ ಜವಾಬ್ದಾರಿ ಒಬ್ಬರದೇ. ಆದರೆ ಎಲ್ಲ ಮಿನಿ ಮಾಡೆಲ್ಲಿಗೂ ಅದು ಸಿಗುವುದಿಲ್ಲ. ಲೋಡರ್ ಕಂಪನಿಯವರು ಮಾಡುವುದು ಮುಖ್ಯವಾಗಿ 40 ಎಚ್‌ಪಿ ಮತ್ತು ಅದಕ್ಕೂ ದೊಡ್ಡ ಟ್ರ್ಯಾಕ್ಟರಿಗೆ. ದೊಡ್ಡ ಟ್ರ್ಯಾಕ್ಟರಿನ ಲೋಡರನ್ನೇ ಸ್ವಲ್ಪ ಕತ್ತರಿಸಿ ಸಣ್ಣದಕ್ಕೆ ಕೂರಿಸಿಕೊಡುತ್ತೇವೆ ಅಂದರೆ ಬೇಡ ಅನ್ನಿ. ಲೋಡರಿನ ಸ್ವಂತ ಭಾರವೇ ಆಕ್ಸಲಿನ ಅರ್ಧ ಶಕ್ತಿ ತಿಂದುಬಿಡುತ್ತದೆ, ಹೊರೆಗೆ ಏನೂ ಉಳಿಯುವುದಿಲ್ಲ. ಲೋಡರ್ ಹಾಕಿಸಿದರೂ ವಾರಂಟಿ ಉಳಿಯುತ್ತದೆ ಅಂತ ಟ್ರ್ಯಾಕ್ಟರ್ ಡೀಲರ್ ಹತ್ತಿರ ಬರಹದಲ್ಲಿ ತೆಗೆದುಕೊಳ್ಳಿ. ಬಾಯಿಮಾತಿಗೆ ಬೆಲೆ ಇಲ್ಲ.

ವರ್ಕ್‌ಶಾಪಿನ ಲೋಡರನ್ನು ಸುಮ್ನೆ ತಳ್ಳಿಹಾಕಬೇಡಿ. ಪೀಣ್ಯದಲ್ಲಿ ಹೈಡ್ರಾಲಿಕ್ ಕೆಲಸ ಚೆನ್ನಾಗಿ ಬಲ್ಲವರಿದ್ದಾರೆ. ಒಳ್ಳೆಯ ಕೈಯಲ್ಲಿ ಆದ ಕೆಲಸ ಕಂಪನಿಯದಕ್ಕೆ ಸಮನಾಗಿಯೂ ಇರುತ್ತದೆ, ನಿಮ್ಮ ಶೆಡ್ಡಿನ ಬಾಗಿಲಿಗೆ ತಕ್ಕ ಅಳತೆಯಲ್ಲೂ ಸಿಗುತ್ತದೆ. ಆದರೆ ಅವರು ಲೋಡರನ್ನು ಟ್ರ್ಯಾಕ್ಟರಿಗೆ ಎಲ್ಲಿ ಕಟ್ಟುತ್ತಾರೆ ಅನ್ನುವುದನ್ನು ಬಗ್ಗಿ ನೋಡಿ. ಲಾರಿಗೆ ಇರುವ ಹಾಗೆ ಟ್ರ್ಯಾಕ್ಟರಿಗೆ ಶಾಸಿ ಇಲ್ಲ. ಎಂಜಿನ್, ಕ್ಲಚ್ ಹೌಸಿಂಗ್, ಗೇರ್ ಬಾಕ್ಸ್, ಈ ಎರಕದ ಪೆಟ್ಟಿಗೆಗಳೇ ಒಂದಕ್ಕೊಂದು ಬೋಲ್ಟ್ ಆಗಿ ಬೆನ್ನೆಲುಬಿನ ಕೆಲಸ ಮಾಡುತ್ತವೆ. ಲೋಡರಿನ ಕಂಬವನ್ನು ಬರೀ ಕ್ಲಚ್ ಹೌಸಿಂಗಿನ ನಾಲ್ಕು ಬೋಲ್ಟಿಗೆ ಕಟ್ಟಿದರೆ ರಾಶಿಗೆ ಗುದ್ದಿದಾಗಲೆಲ್ಲ ಪೆಟ್ಟು ಆ ಎರಕಕ್ಕೆ. ಎರಕದ ಕಬ್ಬಿಣ ಬಾಗುವುದಿಲ್ಲ, ಬಿರುಕು ಬಿಡುತ್ತದೆ. ಮುಂದಿನ ಬ್ರಾಕೆಟ್ಟಿನಿಂದ ಹಿಂದಿನ ಆಕ್ಸಲ್ ಹೌಸಿಂಗಿನ ತನಕ ಎರಡೂ ಬದಿ ಉದ್ದಕ್ಕೂ ಹೋಗುವ ಫ್ರೇಮ್ ಇದ್ದರೆ ಆ ಪೆಟ್ಟು ನೇರ ಹಿಂದಿನ ಆಕ್ಸಲಿಗೆ ಹೋಗುತ್ತದೆ. ಅಂಥ ಫ್ರೇಮ್ ಇಲ್ಲದ ಲೋಡರ್ ಎಷ್ಟೇ ಅಗ್ಗವಾಗಿದ್ದರೂ ನಾನು ಶಿಫಾರಸು ಮಾಡುವುದಿಲ್ಲ.

ವೆಲ್ಡಿಂಗ್ ನೋಡುವಾಗ ಬಣ್ಣ ಬಳಿಯುವ ಮೊದಲು ನೋಡಿ. ಬಣ್ಣ ಬಿದ್ದ ಮೇಲೆ ಎಲ್ಲವೂ ಚೆಂದ.

ಎಣ್ಣೆ, ಜಾಕು, ವಾಲ್ವು

ನಮ್ಮ ಅನೇಕ ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಹೊರಗೆ ಸಿಗುವ ಹೈಡ್ರಾಲಿಕ್ ಅಂದರೆ ಟ್ರಾಲಿ ಎತ್ತಲು ಇರುವ ಒಂದೇ ಪೈಪಿನ ಟ್ಯಾಪ್. ಅದು ಎತ್ತುತ್ತದೆ ಅಷ್ಟೇ, ಇಳಿಯುವುದು ಟ್ರಾಲಿಯ ಭಾರದಿಂದ. ಲೋಡರಿಗೆ ಅದು ಸಾಲದು. ತೋಳು ಎತ್ತಿ ಇಳಿಸಲು ಎರಡು ಪೈಪು, ಬಕೆಟ್ ಮಡಚಿ ಸುರಿಯಲು ಎರಡು ಪೈಪು, ಹೀಗೆ ಎರಡು ಜೋಡಿ ಬೇಕು.

ಇದಕ್ಕೆ ಎರಡು ದಾರಿ. ಟ್ರ್ಯಾಕ್ಟರಿನ ಪಂಪಿನಿಂದಲೇ ಎಣ್ಣೆ ತೆಗೆದು ಲೋಡರ್ ವಾಲ್ವಿಗೆ ಕೊಡುವುದು ಒಂದು. ಆಗ ವಾಲ್ವಿನಿಂದ ಎಣ್ಣೆ ಮುಂದಕ್ಕೆ ಹಿಂದಿನ ಲಿಫ್ಟಿಗೂ ಹೋಗುವ ಹಾಗೆ ಬೇರೆ ದಾರಿ ಇಟ್ಟಿರಬೇಕು. ಅದನ್ನು ಪವರ್ ಬಿಯಾಂಡ್ ಅನ್ನುತ್ತಾರೆ. ಅದಿಲ್ಲದೆ ಕಟ್ಟಿದರೆ ಹಿಂದಿನ ಲಿಫ್ಟ್ ಏಳುವುದಿಲ್ಲ. ಇಲ್ಲವೇ ವಾಲ್ವಿನ ವಾಪಸ್ ಪೈಪಿನಲ್ಲಿ ಒತ್ತಡ ಬಿದ್ದು ವಾಲ್ವೇ ಹಾಳಾಗುತ್ತದೆ. ಇನ್ನೊಂದು ದಾರಿ, ಎಂಜಿನ್ ಮುಂದಿನಿಂದ ಓಡುವ ಬೇರೆ ಪಂಪು, ಬೇರೆ ಎಣ್ಣೆ ಟ್ಯಾಂಕು. ಖರ್ಚು ಜಾಸ್ತಿ, ಮುಂದೆ ಜಾಗವೂ ಹೋಗುತ್ತದೆ. ಆದರೆ ಲೋಡರ್, ಸ್ಟೀರಿಂಗ್, ಹಿಂದಿನ ಲಿಫ್ಟ್ ಯಾವುದೂ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ದಿನಾ ಕೆಲಸ ಇರುವ ಹೈನು ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ವಾರಕ್ಕೊಮ್ಮೆ ಬಳಸುವವರಿಗೆ ಮೊದಲನೆಯದು ಸಾಕು.

ತೋಳು ಎತ್ತುವ ಜಾಕು, ಅಂದರೆ ಎಣ್ಣೆ ತುಂಬುವ ಸಿಲಿಂಡರ್, ದಪ್ಪ ಇದ್ದಷ್ಟೂ ಒಳ್ಳೆಯದು ಅನ್ನುವ ನಂಬಿಕೆ ಇದೆ. ಒಳಗಿನ ಅಳತೆ 50 ಮಿಲಿಮೀಟರ್ ಇರುವ ಎರಡು ಜಾಕು, 450 ಮಿಲಿಮೀಟರ್ ಓಟ ಅಂದರೆ ಎರಡಕ್ಕೂ ಸೇರಿ ಸುಮಾರು 1.8 ಲೀಟರ್ ಎಣ್ಣೆ ಬೇಕು. ಪಂಪ್ ನಿಮಿಷಕ್ಕೆ 20 ಲೀಟರ್ ಕೊಟ್ಟರೆ ತೋಳು ಪೂರ್ತಿ ಏಳಲು ಐದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಅದೇ ಜಾಕು 60 ಮಿಲಿಮೀಟರ್ ಆದರೆ ಶಕ್ತಿ ನೂರಕ್ಕೆ 44ರಷ್ಟು ಹೆಚ್ಚುತ್ತದೆ. ಹಾಗೇ ಎಣ್ಣೆಯೂ ಅಷ್ಟೇ ಹೆಚ್ಚು ಬೇಕು, ಏಳೂವರೆ ಸೆಕೆಂಡು ಹಿಡಿಯುತ್ತದೆ. ಇದೆಲ್ಲ ಎಂಜಿನ್ ಪೂರ್ತಿ ವೇಗದಲ್ಲಿದ್ದಾಗ. ಆಕ್ಸಲ್ ತಾಳದ ಶಕ್ತಿಯನ್ನು ಕೊಂಡುಕೊಂಡು ಕೆಲಸ ನಿಧಾನ ಮಾಡಿಕೊಳ್ಳುವುದರಲ್ಲಿ ಏನು ಲಾಭ?

ಲಿವರ್ ಎರಡು ಬೇರೆ ಬೇರೆ ಇರುವುದಕ್ಕಿಂತ ಒಂದೇ ಜಾಯ್‌ಸ್ಟಿಕ್ ಇರುವುದು ಆರಾಮ. ಅದರಲ್ಲಿ ಫ್ಲೋಟ್ ಇದೆಯಾ ಅಂತ ಕೇಳುವುದನ್ನು ಮರೆಯಬೇಡಿ. ಲಿವರನ್ನು ಪೂರ್ತಿ ಮುಂದಕ್ಕೆ ತಳ್ಳಿದರೆ ಅಲ್ಲೇ ಕಚ್ಚಿಕೊಂಡು, ಬಕೆಟ್ ನೆಲದ ಏರುತಗ್ಗಿಗೆ ತಕ್ಕ ಹಾಗೆ ತಾನೇ ಏರಿ ಇಳಿಯುವ ಸ್ಥಿತಿ ಅದು. ಕೊಟ್ಟಿಗೆ ನೆಲದ ಸಗಣಿ ಬಳಿಯಲು ಅದಿಲ್ಲದಿದ್ದರೆ ಒಂದೋ ಸಗಣಿ ಉಳಿಯುತ್ತದೆ, ಇಲ್ಲ ಸಿಮೆಂಟ್ ಕಿತ್ತು ಬರುತ್ತದೆ.

ಬಿಚ್ಚಿ ಇಡುವ ಮಾತು

ದೊಡ್ಡಬಳ್ಳಾಪುರದ ಹತ್ತಿರ ಪರಿಚಯದವರ ತೋಟವೊಂದಿದೆ. ದ್ರಾಕ್ಷಿಯೂ ಇದೆ, ಹಸುವೂ ಇದೆ. ಒಂದೇ ಟ್ರ್ಯಾಕ್ಟರ್. ಬೆಳಗ್ಗೆ ಸಗಣಿ ತೆಗೆದ ಮೇಲೆ ಲೋಡರ್ ಬಿಚ್ಚಿ ಶೆಡ್ಡಿನ ಮೂಲೆಯಲ್ಲಿ ನಿಲ್ಲಿಸುತ್ತಾರೆ. ಬಕೆಟ್ ನೆಲಕ್ಕೆ ಊರಿ, ತೋಳಿನ ಕೆಳಗಿನ ಎರಡು ಸ್ಟ್ಯಾಂಡ್ ಬಿಡಿಸಿ, ಎರಡು ಪಿನ್ ಎಳೆದು, ನಾಲ್ಕು ಪೈಪ್ ಕಳಚಿ ಹಿಂದಕ್ಕೆ ಬರುತ್ತಾರೆ. ಪೈಪಿನ ತುದಿಗಳಿಗೆ ಕೆಂಪು, ಹಳದಿ, ನೀಲಿ, ಹಸಿರು ಟೇಪು ಸುತ್ತಿದ್ದಾರೆ, ಮತ್ತೆ ಸಿಕ್ಕಿಸುವಾಗ ಅದಲುಬದಲಾಗದಿರಲಿ ಅಂತ. ಆಮೇಲೆ ಔಷಧಿ ಹೊಡೆಯುವ ಟ್ಯಾಂಕ್ ಹಾಕಿಕೊಂಡು ಸಾಲಿಗೆ ಇಳಿಯುತ್ತಾರೆ. ಮನೆಯ ಹುಡುಗ ಒಬ್ಬನೇ ಇದನ್ನೆಲ್ಲ ಮಾಡುತ್ತಾನೆ.

ಈ ಅನುಕೂಲಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ. ಲೋಡರ್ ಹೊತ್ತ ಟ್ರ್ಯಾಕ್ಟರ್ ದ್ರಾಕ್ಷಿ ಚಪ್ಪರದ ಕಂಬಗಳ ನಡುವೆ ತಿರುಗುವುದಿಲ್ಲ. ಉಳುವಾಗ ಮುಂದಿನ ಟೈರು ಹೂತುಕೊಳ್ಳುತ್ತದೆ. ಬೋಲ್ಟ್ ಬಿಚ್ಚಿ ತೆಗೆಯುವ ಲೋಡರ್ ಆದರೆ ಯಾರೂ ತೆಗೆಯುವುದಿಲ್ಲ, ಹಾಗೇ ಓಡಿಸುತ್ತಾರೆ. ವರ್ಷವಿಡೀ ಮುಂದಿನ ಆಕ್ಸಲಿನ ಬುಷ್ಷು ಸವೆಯುತ್ತದೆ. ಟ್ರ್ಯಾಕ್ಟರಿಗೆ ಬೇರೆ ಕೆಲಸವೂ ಇದ್ದರೆ ಕಡಿಮೆ ಎತ್ತಿದರೂ ಪರವಾಗಿಲ್ಲ, ಪಿನ್ ಎಳೆದು ಕಳಚುವ ಲೋಡರನ್ನೇ ಆರಿಸಿ.

ಬಕೆಟ್

ಬಕೆಟ್ಟಿನ ಅಗಲ ಮುಂದಿನ ಟೈರುಗಳ ಹೊರಅಂಚನ್ನು ಮುಚ್ಚಬೇಕು. ಇಲ್ಲದಿದ್ದರೆ ತುಂಬಿಕೊಳ್ಳಲು ಹೋದಾಗ ಟೈರೇ ರಾಶಿ ಹತ್ತುತ್ತದೆ. ದೊಡ್ಡ ಬಕೆಟ್ಟಿಗೆ ಆಸೆ ಪಡಬೇಡಿ. 0.2 ಘನ ಮೀಟರಿನ ಬಕೆಟ್ಟಿನಲ್ಲಿ ಕಳಿತ ಕೊಟ್ಟಿಗೆ ಗೊಬ್ಬರ ಸುಮಾರು 140 ಕೆಜಿ ಹಿಡಿದರೆ, ಒದ್ದೆ ಮಣ್ಣು ಅಥವಾ ಎಂ ಸ್ಯಾಂಡ್ 340 ಕೆಜಿಯ ಹತ್ತಿರ ಬರುತ್ತದೆ. ಮಣ್ಣು ಮರಳಿನ ಕೆಲಸಕ್ಕೆ ಸಣ್ಣ ಬಕೆಟ್, ಗೊಬ್ಬರಕ್ಕೆ ದೊಡ್ಡದು. ಎರಡೂ ಬೇಕಾದರೆ ಬಕೆಟ್ ಬದಲಾಯಿಸುವ ಪ್ಲೇಟ್ ಬೇಕು. ಆ ಪ್ಲೇಟ್ ಯಾವ ಅಳತೆಯದು ಅಂತ ಕೇಳಿ. ಯೂರೋ ಹುಕ್ಕಿಗೆ ಐಎಸ್‌ಒ 23206, ಸ್ಕಿಡ್ ಸ್ಟಿಯರ್ ಮಾದರಿಗೆ ಐಎಸ್‌ಒ 24410. ಇವೆರಡರಲ್ಲಿ ಒಂದಾದರೆ ಮುಂದೆ ಬೇರೆಯವರು ಮಾಡಿದ, ಕ್ರೇಟ್ ಎತ್ತುವ ಫೋರ್ಕನ್ನೂ ಸಿಕ್ಕಿಸಬಹುದು. ಕಂಪನಿಯದೇ ವಿಚಿತ್ರ ಅಳತೆ ಆದರೆ ಪ್ರತಿ ಸಾಮಾನಿಗೂ ಅವರ ಹತ್ತಿರವೇ ಹೋಗಬೇಕು. ಪ್ಲೇಟಿನ ಭಾರವೂ ಆಕ್ಸಲಿನ ಲೆಕ್ಕಕ್ಕೆ ಸೇರುತ್ತದೆ ಅನ್ನುವುದು ನೆನಪಿರಲಿ. ತೀರಾ ಸಣ್ಣ ಟ್ರ್ಯಾಕ್ಟರಿಗೆ ನೇರ ಪಿನ್ನಿನ ಬಕೆಟ್ಟೇ ವಾಸಿ.

ನರ್ಸರಿಯವರು, ಹಣ್ಣಿನ ಕ್ರೇಟ್ ಸಾಗಿಸುವವರು ಫೋರ್ಕ್ ಕೇಳುತ್ತಾರೆ. ಫೋರ್ಕಿನಲ್ಲಿ ಭಾರ ಬಕೆಟ್ಟಿಗಿಂತ ಮುಂದೆ ಕೂರುತ್ತದೆ, ಎತ್ತುವ ತೂಕ ಅಷ್ಟು ಕಡಿಮೆಯಾಗುತ್ತದೆ. ಅವರಿಗೆ ತೋಳು ಏರಿದರೂ ಫೋರ್ಕ್ ಮಟ್ಟವಾಗಿಯೇ ಇರುವ ಸಮಾನಾಂತರ ಕಡ್ಡಿಯ ಲೋಡರ್ ಬೇಕು. ಅದಿಲ್ಲದಿದ್ದರೆ ಮೇಲೆ ಎತ್ತುತ್ತಾ ಹೋದ ಹಾಗೆ ಕ್ರೇಟು ಹಿಂದಕ್ಕೆ ವಾಲಿ ಓಡಿಸುವವರ ಮಡಿಲಿಗೇ ಬೀಳುತ್ತದೆ. ಬರೀ ಗೊಬ್ಬರ ಮಣ್ಣಿಗಾದರೆ ಆ ಕಡ್ಡಿಗೆ ದುಡ್ಡು ಕೊಡಬೇಕಿಲ್ಲ.

ಜೀವದ ವಿಷಯ

ಬಕೆಟ್ಟಿನಲ್ಲಿ ಆಳನ್ನು ನಿಲ್ಲಿಸಿ ಎಳನೀರು ಕೀಳಿಸುವುದು, ಮಾವು ಕೊಯ್ಯಿಸುವುದು ಬೇಡವೇ ಬೇಡ. ಒಂದು ಪೈಪ್ ಒಡೆದರೆ ತೋಳು ಒಂದೇ ಏಟಿಗೆ ಕೆಳಗೆ. ತೋಟದ ಮೇಲೆ ಹಾದುಹೋಗುವ ವಿದ್ಯುತ್ ತಂತಿಯ ಕೆಳಗೆ ತೋಳು ಎತ್ತಬೇಡಿ. ಓಡಾಡುವಾಗ ಬಕೆಟ್ ನೆಲದಿಂದ ಒಂದಡಿಯಷ್ಟೇ ಮೇಲಿರಲಿ, ಸುರಿಯುವ ಜಾಗಕ್ಕೆ ಬಂದ ಮೇಲೆ ಎತ್ತಿ. ಎತ್ತಿದ ತೋಳಿನ ಕೆಳಗೆ ಆಸರೆ ಕೊಡದೆ ಯಾರೂ ನುಸುಳಬಾರದು. ಪಲ್ಟಿ ತಡೆಯುವ ಕಂಬಿ ಇದ್ದರೆ ಸೀಟ್ ಬೆಲ್ಟ್ ಹಾಕಿಕೊಳ್ಳಿ. ಪೈಪಿನಲ್ಲಿ ಎಣ್ಣೆ ಜಿನುಗುತ್ತಿದ್ದರೆ ಬೆರಳಿಟ್ಟು ಹುಡುಕಬೇಡಿ, ಒಂದು ರಟ್ಟಿನ ತುಂಡು ಹಿಡಿಯಿರಿ. ಆ ಒತ್ತಡದಲ್ಲಿ ಸೂಜಿಯಷ್ಟು ತೂತಿನಿಂದ ಬಂದ ಎಣ್ಣೆ ಚರ್ಮ ಕೊರೆದು ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ತಡವಾದರೆ ಕೈಯೇ ಹೋಗಬಹುದು.

ದುಡ್ಡು ಕೊಡುವ ಮೊದಲು

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿಸಿ. 50 ಕೆಜಿಯ ಸಿಮೆಂಟ್ ಮೂಟೆ ಆರು ತರಿಸಿ ಬಕೆಟ್ಟಿಗೆ ಹಾಕಿಸಿ, ಅದು 300 ಕೆಜಿ. ಹಿಂದೆ ತೂಕ ಕಟ್ಟಿರಲಿ. ಮೊಣಕಾಲೆತ್ತರಕ್ಕೆ ಎತ್ತಿಸಿ ಹಿಂದಿನ ಗಾಲಿ ನೋಡಿ. ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಸ್ಟೀರಿಂಗ್ ಪೂರ್ತಿ ತಿರುಗಿಸಿ ನೋಡಿ, ಕೈಗೆ ಗಟ್ಟಿಯಾದರೆ ಎಣ್ಣೆ ಸಾಲುತ್ತಿಲ್ಲ ಅಂತ ಅರ್ಥ. ಆಮೇಲೆ ಎಂಜಿನ್ ಆಫ್ ಮಾಡಿ, ಬಕೆಟ್ ಎತ್ತರ ಟೇಪ್ ಹಿಡಿದು ಅಳೆದು, ಐದು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಕಣ್ಣಿಗೆ ಕಾಣುವಷ್ಟು ಇಳಿದಿದ್ದರೆ ಜಾಕಿನ ಸೀಲ್ ಅಥವಾ ವಾಲ್ವ್ ಸೋರುತ್ತಿದೆ. ಹಳೆಯ ಲೋಡರ್ ಕೊಳ್ಳುವವರು ಬಕೆಟ್ ಸ್ವಲ್ಪ ಎತ್ತಿಸಿ ಅದರ ಮೂಲೆ ಹಿಡಿದು ಅಲ್ಲಾಡಿಸಿ. ಪಿನ್ ಬುಷ್ ಸವೆದಿದ್ದರೆ ಟಕಟಕ ಅಂತ ಗೊತ್ತಾಗುತ್ತದೆ. ಜಾಕಿನ ಹೊಳೆಯುವ ರಾಡಿನ ಮೇಲೆ ಉಗುರು ಆಡಿಸಿ, ಗೀರು ತಾಗಿದರೆ ಅದು ಹೊಸ ಸೀಲನ್ನೂ ತಿನ್ನುತ್ತದೆ.

ಪೈಪುಗಳ ಅಳತೆ, ತುದಿಯ ಥ್ರೆಡ್ ಬರೆಸಿಕೊಳ್ಳಿ. ಪೀಣ್ಯದಲ್ಲಿ ಹಳೆ ಪೈಪ್ ತೋರಿಸಿದರೆ ಅಲ್ಲೇ ಹೊಸದು ಒತ್ತಿಸಿಕೊಡುತ್ತಾರೆ. ಆದರೆ ಒಡೆಯುವುದು ಯಾವಾಗಲೂ ಭಾನುವಾರವೇ, ಹಾಗಾಗಿ ಒಂದು ಜೋಡಿ ಮೊದಲೇ ಮಾಡಿಸಿ ಶೆಡ್ಡಿನಲ್ಲಿಟ್ಟುಕೊಳ್ಳಿ. ಹೊಸ ಲೋಡರ್ ಹತ್ತು ಗಂಟೆ ಓಡಿದ ಮೇಲೆ ಫ್ರೇಮಿನ ಬೋಲ್ಟ್ ಎಲ್ಲವನ್ನೂ ಮತ್ತೆ ಬಿಗಿ ಮಾಡಿಸಬೇಕು. ಅದಕ್ಕೆ ಮೆಕ್ಯಾನಿಕ್ ಕಳಿಸುತ್ತೀರಾ ಅಂತ ಈಗಲೇ ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಆಮೇಲೆ ದಿನವಿಡೀ ಕೆಲಸ ಮಾಡಿದ ಪ್ರತಿ ಸಂಜೆ ಎಲ್ಲ ಪಿನ್ನಿಗೂ ಗ್ರೀಸ್ ಹೊಡೆಯಿರಿ. ಮುಂದಿನ ಆಕ್ಸಲಿನ ನಡುವಿನ ಪಿನ್ನಿಗೂ ಹೊಡೆಯಿರಿ, ಬಾನೆಟ್ ಕೆಳಗೆ ಮರೆಯಲ್ಲಿರುವುದರಿಂದ ಅದೊಂದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ.